ಗಡಿಯೂರಿನ ಮತ ಮತ್ತು ಮತದಾರರ ಪಟ್ಟಿ

ಬಂಟ್ವಾಳ ತಾಲ್ಲೂಕಿನ ಕನ್ಯಾನಕ್ಕೆ ಕೇರಳದ ಗಡಿ ಹತ್ತಿರ. ಗಡಿಯಾಚೆ ಮಂಜೇಶ್ವರ ವಿಧಾನಸಭಾ ಕ್ಷೇತ್ರ. 2016ರಲ್ಲಿ ಅಲ್ಲಿ ಪಿ.ಬಿ. ಅಬ್ದುಲ್ ರಜಾಕ್ ಅವರು ಕೆ. ಸುರೇಂದ್ರನ್ ಅವರ ವಿರುದ್ಧ ಗೆದ್ದದ್ದು ಬರೀ 89 ಮತಗಳಿಂದ. ವಿದೇಶದಲ್ಲಿದ್ದವರ, ತೀರಿಕೊಂಡವರ ಹೆಸರಿನಲ್ಲಿ ಮತ ಚಲಾವಣೆಯಾಗಿದೆ ಎಂದು ಸುರೇಂದ್ರನ್ ಕೇರಳ ಹೈಕೋರ್ಟಿಗೆ ಹೋದರು. ಪ್ರಕರಣ ತೀರ್ಮಾನವಾಗುವ ಮೊದಲೇ, 2018ರಲ್ಲಿ ಶಾಸಕರು ನಿಧನರಾದರು. ಮರುವರ್ಷ ಅರ್ಜಿಯೂ ವಾಪಸಾಯಿತು. ಆರೋಪ ಸಾಬೀತಾಗಲಿಲ್ಲ, ಸಂಶಯ ಪೂರ್ತಿ ನಿವಾರಣೆಯಾಗಲೂ ಇಲ್ಲ. ಮತದಾನದ ನಂತರ ನ್ಯಾಯಾಲಯದಲ್ಲಿ ಹುಡುಕುವ ಉತ್ತರವನ್ನು ಮತದಾನಕ್ಕೆ ಮೊದಲು ಮತದಾರರ ಪಟ್ಟಿಯಲ್ಲೇ ಹುಡುಕಬೇಕು ಎಂಬುದು ಇದರ ಪಾಠ.

ಸಂವಿಧಾನದ 326ನೇ ವಿಧಿ ವಯಸ್ಕರೆಲ್ಲರಿಗೂ ಮತಾಧಿಕಾರ ಕೊಟ್ಟಿದೆ. 1989ರಿಂದ ಅದಕ್ಕೆ 18 ವರ್ಷ ತುಂಬಿದರೆ ಸಾಕು. ಆದರೆ ಆ ಅಧಿಕಾರ ಕೈಗೆ ಬರುವುದು ಹೆಸರು ಪಟ್ಟಿಗೆ ಸೇರಿದ ಮೇಲೆಯೇ. ಗುರುತಿನ ಚೀಟಿ ಕಳೆದುಹೋದರೆ ಚುನಾವಣಾ ಆಯೋಗ ಒಪ್ಪುವ ಬೇರೆ ದಾಖಲೆ ತೋರಿಸಿ ಮತ ಹಾಕಬಹುದು. ಚೀಟಿಯಿದ್ದೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಹಾಕುವಂತಿಲ್ಲ. ಹೊಸ ಸೇರ್ಪಡೆಗೆ ನಮೂನೆ 6, ಹೆಸರು ತೆಗೆಸಲು ನಮೂನೆ 7, ತಿದ್ದುಪಡಿಗೂ ವಿಳಾಸ ಬದಲಾವಣೆಗೂ ನಮೂನೆ 8. ಮೊದಲು ಜನವರಿ 1 ಒಂದೇ ಅರ್ಹತಾ ದಿನಾಂಕವಾಗಿತ್ತು. 2022ರಿಂದ ಏಪ್ರಿಲ್, ಜುಲೈ, ಅಕ್ಟೋಬರ್ 1ನೇ ತಾರೀಕುಗಳೂ ಸೇರಿವೆ.

ತೋಟ ಒಂದು ರಾಜ್ಯದಲ್ಲಿ, ವಾಸ ಇನ್ನೊಂದರಲ್ಲಿ ಇರುವವರು ಎರಡೂ ಕಡೆ ಮತ ಹಾಕಿದರೆ ತಪ್ಪೇನು ಎಂದು ಕೇಳಬಹುದು. ತೆರಿಗೆ ಎರಡೂ ಕಡೆ ಕಟ್ಟುತ್ತೇವಲ್ಲ ಎಂಬ ವಾದವೂ ಇದೆ. ಆದರೆ ನಮ್ಮಲ್ಲಿ ಮತ ಸಿಗುವುದು ಆಸ್ತಿಗಲ್ಲ, ಮನುಷ್ಯನಿಗೆ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ಮನೆ ಇದ್ದ ಮಾತ್ರಕ್ಕೆ ಯಾರೂ ಅಲ್ಲಿನ ಸಾಮಾನ್ಯ ನಿವಾಸಿಯಾಗುವುದಿಲ್ಲ; ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ನಿವಾಸಿಯಲ್ಲದವರೂ ಆಗುವುದಿಲ್ಲ. ಗಲ್ಫ್‌ನಲ್ಲಿ ನೆಲೆಸಿರುವ ಭಾರತೀಯ ಪ್ರಜೆಗಳು ಪಾಸ್‌ಪೋರ್ಟಿನಲ್ಲಿರುವ ಊರಿನಲ್ಲಿ ಹೆಸರು ನೋಂದಾಯಿಸಬಹುದು, ಮತ ಹಾಕಲು ಮಾತ್ರ ಖುದ್ದಾಗಿ ಬರಬೇಕು. ಎರಡು ಕ್ಷೇತ್ರಗಳ ಪಟ್ಟಿಯಲ್ಲಿ ಹೆಸರಿರುವುದನ್ನು ಕಾಯ್ದೆ ಒಪ್ಪುವುದಿಲ್ಲ. ಒಬ್ಬರಿಗೆ ಎರಡು ಮತ ಸಿಕ್ಕಿದರೆ ಒಂದೇ ಮತವಿರುವ ನೆರೆಯವರ ಹಕ್ಕಿನ ಬೆಲೆ ಅಷ್ಟೇ ಇಳಿಯುತ್ತದೆ.

ಲಕ್ಷಾಂತರ ಮತಗಳ ನಡುವೆ ಒಂದೆರಡು ಹೆಸರು ತಪ್ಪಿದರೆ ಏನಾದೀತು ಎನ್ನುವವರಿಗೆ ಕರ್ನಾಟಕದಲ್ಲೇ ಉತ್ತರವಿದೆ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಮತದಿಂದ. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಸಿ.ಕೆ. ರಾಮಮೂರ್ತಿ ಅವರ ಗೆಲುವಿನ ಅಂತರ 16.

ಪಟ್ಟಿ ಸರಿಪಡಿಸುವುದು ಸರ್ಕಾರದ ಕೆಲಸವಲ್ಲವೇ ಎಂಬುದು ಕೊನೆಯ ಆಕ್ಷೇಪ. ಹೌದು, ಅದು ನೋಂದಣಿ ಅಧಿಕಾರಿಯ ಹೊಣೆ. ಅರ್ಹರ ಹೆಸರು ತಪ್ಪಿಹೋದರೆ ಅಪರಾಧ ಅವರದಲ್ಲ. ನಿವಾಸಿಯಲ್ಲವೆಂದು ಹೆಸರು ಅಳಿಸುವ ಮುನ್ನ ಅವರ ಮಾತು ಕೇಳಬೇಕು. ತೀರ್ಮಾನದ ಮೇಲೆ ಮೇಲ್ಮನವಿಗೂ ಅವಕಾಶವಿದೆ. ಆದರೆ ಯಾರು ತೀರಿಕೊಂಡರು, ಯಾರು ಮದುವೆಯಾಗಿ ಬೇರೆ ಊರಿಗೆ ಹೋದರು, ಯಾರಿಗೆ 18 ತುಂಬಿತು ಎಂಬುದು ಕಚೇರಿಗಿಂತ ಮೊದಲು ತಿಳಿಯುವುದು ನೆರೆಕರೆಗೆ. ಅದಕ್ಕೆಂದೇ ಕರಡು ಪಟ್ಟಿಯನ್ನು ಪ್ರಕಟಿಸಿ ಆಕ್ಷೇಪಣೆ ಕರೆಯುತ್ತಾರೆ. ಆ ದಿನಗಳಲ್ಲಿ ಪ್ರತಿ ಮನೆಯವರೂ ಬೂತ್ ಮಟ್ಟದ ಅಧಿಕಾರಿಯ ಬಳಿಯಿರುವ ಪಟ್ಟಿ ನೋಡಿ, ತಪ್ಪಿದ್ದರೆ ಅರ್ಜಿ ಕೊಟ್ಟು, ಸ್ವೀಕೃತಿ ಪಡೆಯಬೇಕು. ಹಾಗೆ ಮಾಡಿದ ಊರಿನಲ್ಲಿ ಸೋತವರೂ ಫಲಿತಾಂಶವನ್ನು ನಂಬುತ್ತಾರೆ. ಆ ನಂಬಿಕೆಯಿಲ್ಲದೆ ಚುನಾವಣೆಗೆ ಅರ್ಥವಿಲ್ಲ.