ಒಂಟಿತನವೆಂಬ ಹಸಿವು

ಯಶವಂತಪುರದ ರೈಲು ನಿಲ್ದಾಣದಲ್ಲಿ ಸಾವಿರಾರು ಜನರ ನಡುವೆ ನಿಂತಿದ್ದರೂ ಮನುಷ್ಯನು ಒಂಟಿಯಾಗಿರಬಹುದು. ಹಸಿವು ಅನ್ನವನ್ನು ಬೇಡುವಂತೆ ಒಂಟಿತನವು ಸ್ನೇಹವನ್ನು ಬೇಡುವ ಸಂಕೇತವೆಂದು ವಿಜ್ಞಾನಿಗಳು ಹೇಳುತ್ತಾರೆ. ಆ ಬೇಡಿಕೆಯು ಬಹುಕಾಲ ಈಡೇರದಿದ್ದರೆ ಹೃದ್ರೋಗ, ಪಾರ್ಶ್ವವಾಯುಗಳ ಸಂಭವವು ಹೆಚ್ಚುತ್ತದೆ. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಡಾ. ವಿವೇಕ್ ಮೂರ್ತಿಯವರು ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರಲ್ಲಿ, ಈ ಎಚ್ಚರಿಕೆಯನ್ನಿತ್ತರು. ಜಗತ್ತಿನ ಪ್ರತಿ 6 ಜನರಲ್ಲಿ ಒಬ್ಬರಿಗೆ ಈ ಬಾಧೆಯುಂಟೆಂದು ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವು 2025ರಲ್ಲಿ ತಿಳಿಸಿತು.

ಒಂಟಿತನವು ಬಲಿತಂತೆ ಮನಸ್ಸು ಇತರರಿಂದ ತಿರಸ್ಕಾರವನ್ನೇ ನಿರೀಕ್ಷಿಸತೊಡಗುತ್ತದೆ. ಎದುರಿಗಿರುವ ಸ್ನೇಹವೂ ಕಾಣದಾಗುತ್ತದೆ. ಆದುದರಿಂದ ನಾವು ಮೊದಲು ನಮ್ಮನ್ನೇ ಹೀನೈಸಿಕೊಳ್ಳುವುದನ್ನು ಬಿಡಬೇಕು. ಅನಂತರ, ತರಗತಿಯ ಮೂಲೆಯಲ್ಲಿ ಒಬ್ಬನೇ ಕುಳಿತಿರುವ ಸಹಪಾಠಿಯನ್ನು ನಾವಾಗಿಯೇ ಮಾತನಾಡಿಸಬೇಕು. ಅವನು ಆ ಮಾತಿಗಾಗಿಯೇ ಕಾದಿರಬಹುದು.