ತೆಪ್ಪದ ಪಯಣ: ವಿಮೆ ಯಾರಿಗೆ, ಯಾವುದಕ್ಕೆ?

ಹನೂರು ತಾಲ್ಲೂಕಿನ ಗಡಿಯಲ್ಲಿರುವ ಹೊಗೇನಕಲ್‌ನಲ್ಲಿ ಪ್ರವಾಸಿಗರು ಕಾವೇರಿಯ ಮೇಲೆ ಸಾಗುವುದು ಬಿದಿರಿನ ತೆಪ್ಪಗಳಲ್ಲಿ. 2021ರ ಒಳನಾಡು ನೌಕೆಗಳ ಕಾಯ್ದೆಯು ಯಂತ್ರಚಾಲಿತ ನೌಕೆಗಳಿಗೆ ವಿಮೆಯನ್ನು ಕಡ್ಡಾಯಗೊಳಿಸಿದೆ. ಹುಟ್ಟು ಹಾಕಿ ನಡೆಸುವ ತೆಪ್ಪಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ.

ಮಾಲೀಕರು ಸ್ವಇಚ್ಛೆಯಿಂದ ವಿಮೆ ಮಾಡಿಸಿದರೂ ಅದರ ವ್ಯಾಪ್ತಿಯನ್ನು ಅರಿತಿರಬೇಕು. ದೋಣಿಯ ವಿಮೆ ದೋಣಿಗಾದ ಹಾನಿಯನ್ನಷ್ಟೇ ಭರಿಸುತ್ತದೆ. ಸಹಜ ಸವಕಳಿಗೆ ಸಾಮಾನ್ಯವಾಗಿ ಪರಿಹಾರವಿಲ್ಲ. ಪ್ರಯಾಣಿಕರ ಸಾವು, ಗಾಯಗಳಿಗೆ ಪ್ರತ್ಯೇಕ ಹೊಣೆಗಾರಿಕೆ ವಿಮೆ ಅಗತ್ಯ. ಪಾಲಿಸಿಯಲ್ಲಿ ನಮೂದಿಸಿದ್ದಕ್ಕಿಂತ ಹೆಚ್ಚು ಜನರನ್ನು ಹತ್ತಿಸಿಕೊಂಡರೆ ಷರತ್ತಿನ ಉಲ್ಲಂಘನೆಯಾಗಿ ಕ್ಲೇಮು ತಿರಸ್ಕೃತವಾಗಬಹುದು.

ಆದ್ದರಿಂದ ಕೊಳ್ಳೇಗಾಲದ ಮಾರ್ಗವಾಗಿ ಬರುವ ಪ್ರವಾಸಿಗರು ತೆಪ್ಪ ಏರುವ ಮುನ್ನ ಲೈಫ್ ಜಾಕೆಟ್ ಧರಿಸುವುದರ ಜತೆಗೆ ಪ್ರಯಾಣಿಕರ ವಿಮೆಯ ಬಗ್ಗೆಯೂ ವಿಚಾರಿಸುವುದು ಒಳಿತು. ಅದಿಲ್ಲದ ಕಡೆ, ಜಲಕ್ರೀಡೆಯನ್ನು ಹೊರತುಪಡಿಸದ ಸ್ವಂತ ಅಪಘಾತ ವಿಮೆಯೇ ಕುಟುಂಬಕ್ಕೆ ಆಸರೆ.