ಪ್ರಾರ್ಥನೆಯ ಸಾಲು, ನೀಲಿ ಮಾತ್ರೆ

ಅಂಕೋಲೆಯಿಂದ ಹುಬ್ಬಳ್ಳಿ ರಸ್ತೆ ಹಿಡಿದು ಘಟ್ಟದ ಕಡೆ ಹೊರಟರೆ ಅಗಸೂರು ಸಿಗುತ್ತದೆ. ಗಂಗಾವಳಿ ಹೊಳೆಯ ಸೀಮೆ ಇದು. ಗದ್ದೆ, ತೋಟ, ಬೆಟ್ಟ, ನಡುನಡುವೆ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳು. ಈ ಕಡೆಯ ಹೈಸ್ಕೂಲುಗಳ ಬೆಳಗು ಶುರುವಾಗುವುದು ಹಾಡಿನಿಂದ. ಬೆಲ್ ಹೊಡೆದ ಮೇಲೆ ಮಕ್ಕಳೆಲ್ಲ ಸಾಲಾಗಿ ನಿಲ್ಲುತ್ತಾರೆ. ಐದಾರು ಹುಡುಗಿಯರು ಮುಂದೆ ಬಂದು ಮೈಕಿನ ಸುತ್ತ ಒತ್ತೊತ್ತಾಗಿ ನಿಲ್ಲುತ್ತಾರೆ. ಒಬ್ಬಳು ಮೆಲ್ಲಗೆ ಶ್ರುತಿ ಹಿಡಿಯುತ್ತಾಳೆ, ಉಳಿದವರು ಅವಳ ಮುಖ ನೋಡಿ ಎತ್ತಿಕೊಳ್ಳುತ್ತಾರೆ. ಶಾಲೆಯ ಸಂಗೀತ ತಂಡ ಅಂದರೆ ನಮ್ಮಲ್ಲಿ ಮೊದಲಿಗೆ ಇದೇ. ಇದಕ್ಕೆ ಹೆಸರಿಲ್ಲ, ಬ್ಯಾನರಿಲ್ಲ, ಬಹುಪಾಲು ಶಾಲೆಗಳಲ್ಲಿ ಸಂಗೀತದ ಶಿಕ್ಷಕರೂ ಇಲ್ಲ. ಹತ್ತನೇ ತರಗತಿಯವರು ಹೋಗುವಾಗ ಎಂಟರವರಿಗೆ ಹೇಳಿಕೊಟ್ಟು ಹೋಗುತ್ತಾರೆ, ಅಷ್ಟೇ.

ಆ ತಂಡ ಮಾಡುವ ಕೆಲಸ ಸಣ್ಣದಲ್ಲ. ಕುವೆಂಪು ಅವರ ಗೀತೆ ನಾಡಗೀತೆಯಾದದ್ದು 2004ರ ಜನವರಿಯಲ್ಲಿ. ಎಷ್ಟೋ ವರ್ಷ ಒಂದೊಂದು ಶಾಲೆಯಲ್ಲಿ ಒಂದೊಂದು ಧಾಟಿ ಇತ್ತು. 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನು ಒಪ್ಪಿ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಿ ಮುಗಿಸಬೇಕೆಂದು ಗೊತ್ತುಮಾಡಿತು. ಮೈದಾನದ ಕೊನೆಯ ಸಾಲಿನಲ್ಲಿ ನಿಂತ ಹುಡುಗನೂ ಸೇರಿಕೊಳ್ಳುವಷ್ಟು ನಿಧಾನ, ಹೇಳಿದ ಸಮಯದೊಳಗೆ ಮುಗಿಯುವಷ್ಟು ಚುರುಕು, ಎರಡನ್ನೂ ಆ ಐದಾರು ಜನ ಕಾಯಬೇಕು. ಉಸಿರು ಎಲ್ಲಿ ಎಳೆದುಕೊಳ್ಳಬೇಕು, ಸಾಲಿನ ಕೊನೆಯ ಅಕ್ಷರವನ್ನು ನುಂಗದೆ ಎಲ್ಲಿ ಬಿಡಬೇಕು ಎಂಬುದನ್ನು ಮಕ್ಕಳು ಹಾಡಿ ಹಾಡಿಯೇ ಕಲಿಯುತ್ತಾರೆ.

ವರ್ಷಕ್ಕೊಮ್ಮೆ ಪ್ರತಿಭಾ ಕಾರಂಜಿ ಬಂದಾಗ ಇದೇ ಮಕ್ಕಳಿಗೆ ಕೆಲಸ ಹೆಚ್ಚುತ್ತದೆ. ಭಾವಗೀತೆ, ಜಾನಪದ ಗೀತೆ, ಕವ್ವಾಲಿ, ಜಾನಪದ ನೃತ್ಯ. ಕ್ಲಸ್ಟರಿನಲ್ಲಿ ಗೆದ್ದವರು ತಾಲೂಕಿಗೆ, ಅಲ್ಲಿಂದ ಕಾರವಾರ ಶೈಕ್ಷಣಿಕ ಜಿಲ್ಲೆಗೆ, ಮುಂದೆ ರಾಜ್ಯಕ್ಕೆ. ಸ್ಪರ್ಧೆ ಒಳ್ಳೆಯದೇ. ಆದರೆ ಬಹುಮಾನದ ಆಸೆಗೆ ದನಿ ಚೆನ್ನಾಗಿರುವ ಇಬ್ಬರನ್ನು ಮಾತ್ರ ತಿದ್ದಿ, ಉಳಿದ ಐವತ್ತು ಮಕ್ಕಳನ್ನು ಕೇಳುಗರನ್ನಾಗಿ ಕೂರಿಸುವುದು ಸರಿಯಲ್ಲ. ಅದರಲ್ಲೂ ಅಂಕೋಲೆಯ ನೆಲದಲ್ಲಿ ಸರಿಯಲ್ಲ. ಹಾಲಕ್ಕಿಗಳಲ್ಲಿ ಒಬ್ಬಾಕೆ ಎತ್ತಿಕೊಟ್ಟ ಸೊಲ್ಲನ್ನು ಉಳಿದ ಹೆಂಗಸರೆಲ್ಲ ಸೇರಿ ಹೇಳುತ್ತಾರೆ. ಗದ್ದೆಯಲ್ಲಿ, ಮದುವೆಯಲ್ಲಿ ಹಾಡು ಎಲ್ಲರದ್ದು.

ಇಲ್ಲಿನ ಮನೆಗಳಲ್ಲಿ ಗುಮಟೆ ಇದೆ. ಎರಡೂ ಕಡೆ ಬಾಯಿರುವ ಮಣ್ಣಿನ ಗಡಿಗೆ. ಒಂದು ಬಾಯಿಗೆ ಚರ್ಮ ಬಿಗಿದಿರುತ್ತದೆ, ಇನ್ನೊಂದು ತೆರೆದೇ ಇರುತ್ತದೆ. ಬಲಗೈ ಬೆರಳು ಚರ್ಮದ ಮೇಲೆ ನುಡಿಸುವಾಗ ಎಡಗೈ ಅಂಗೈ ಹಿಂದಿನ ಬಾಯಿಯನ್ನು ಮುಚ್ಚಿ ತೆರೆದು ಮಾಡುತ್ತದೆ. ಮುಚ್ಚಿದಾಗ ನಾದ ಒಳಗೇ ಗುಮ್ಮೆನ್ನುತ್ತದೆ, ತೆರೆದಾಗ ಹೊರಗೆ ಹಾರುತ್ತದೆ. ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು. 1972ರ ವನ್ಯಜೀವಿ ಕಾಯ್ದೆಯಂತೆ ಉಡವನ್ನು ಕೊಲ್ಲುವುದು ಅಪರಾಧ, ಆದ್ದರಿಂದ ಈಗ ಆಡಿನ ಚರ್ಮ ನಡೆಯುತ್ತದೆ. ಗಾಳಿ, ಗಡಿಗೆ, ಚರ್ಮ, ನಾದ: ವಿಜ್ಞಾನದ ಮಾಸ್ತರರಿಗೆ ಶಬ್ದದ ಪಾಠ ಮಾಡಲು ಇದಕ್ಕಿಂತ ಒಳ್ಳೆಯ ಸಾಧನ ಬೇಕೆ? ಆದರೂ ಸುಗ್ಗಿಯ ದಿನ ಅಂಗಳದಲ್ಲಿ ಗುಮಟೆ ಬಡಿದ ಹುಡುಗ ಮರುದಿನ ಶಾಲೆಗೆ ಬರುವಾಗ ಅದನ್ನು ಮನೆಯಲ್ಲೇ ಬಿಟ್ಟು ಬರುತ್ತಾನೆ. ತರಬಹುದೆಂದು ಅವನಿಗೆ ಯಾರೂ ಹೇಳಿರುವುದಿಲ್ಲ.

ಇನ್ನು ಆರೋಗ್ಯದ ಪಾಠ. ಅದಕ್ಕೆ ವೇಳಾಪಟ್ಟಿಯಲ್ಲಿ ಬೇರೆ ಪೀರಿಯಡ್ ಇಲ್ಲ. ಎಂಟರಿಂದ ಹತ್ತರವರೆಗೆ ದೈಹಿಕ ಶಿಕ್ಷಣದ ಪಠ್ಯಪುಸ್ತಕ ಇದೆ, ಒಂದಿಷ್ಟು ಅದರಲ್ಲಿ ಬರುತ್ತದೆ, ಒಂದಿಷ್ಟು ಜೀವಶಾಸ್ತ್ರದಲ್ಲಿ, ಉಳಿದದ್ದು ನರ್ಸ್ ಬಾಯಿ ಬಂದ ದಿನ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೊಮ್ಮೆ ಬಂದು ಕಣ್ಣು, ಹಲ್ಲು, ಕಿವಿ, ತೂಕ ನೋಡಿ ಹೋಗುತ್ತದೆ. 2014ರಲ್ಲಿ ಹದಿಹರೆಯದವರಿಗೆಂದೇ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಬಂತು. ನಮ್ಮ ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್ ಅದರದೇ ಭಾಗ. 2020ರಿಂದ ಶಾಲೆಗೆ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳೆಂದು ತಯಾರು ಮಾಡುವ ಯೋಜನೆಯೂ ಇದೆ.

ಇವುಗಳಲ್ಲಿ ಮಕ್ಕಳ ಕೈಗೆ ನೇರ ಸಿಗುವುದು ನೀಲಿ ಮಾತ್ರೆ. ವಾರಕ್ಕೊಂದು, ಬಿಸಿಯೂಟದ ನಂತರ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ದೇಶದಲ್ಲಿ 15ರಿಂದ 19ರ ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದೆಯೆಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಮಾತ್ರೆ ಕೊಡುವುದು ಸುಲಭ, ನುಂಗಿಸುವುದು ಕಷ್ಟ. ಹೊಟ್ಟೆ ತೊಳಸುತ್ತದೆ ಅನ್ನುತ್ತಾರೆ, ಮಲ ಕಪ್ಪಗಾಯಿತೆಂದು ಹೆದರುತ್ತಾರೆ, ಕಿಸೆಯಲ್ಲಿಟ್ಟುಕೊಂಡು ಹೋಗಿ ಬೇಲಿಯಾಚೆ ಎಸೆಯುತ್ತಾರೆ. ಖಾಲಿ ಹೊಟ್ಟೆಯಲ್ಲಿ ಬೇಡ, ಹಿಂದೆಯೇ ಚಹಾ ಕುಡಿಯಬೇಡ, ಮಲ ಕಪ್ಪಗಾದರೆ ಹೆದರಬೇಡ, ಅದು ಮಾತ್ರೆಯಲ್ಲಿರುವ ಕಬ್ಬಿಣದಿಂದ. ಈ ನಾಲ್ಕು ಮಾತನ್ನು ಅಕ್ಕೋರು ಒಮ್ಮೆ ಬಿಡಿಸಿ ಹೇಳಿದ ತರಗತಿಯಲ್ಲಿ ಮಕ್ಕಳು ಮಾತ್ರೆಯನ್ನು ನಂಬಿ ನುಂಗುತ್ತಾರೆ.

ಹಾಡಿನ ತಂಡಕ್ಕೂ ಆರೋಗ್ಯದ ಪಾಠಕ್ಕೂ ಸಂಬಂಧವೇನು ಎಂದು ಕೇಳಬಹುದು. ಪ್ರಾರ್ಥನೆಯ ಸಾಲನ್ನೇ ಇನ್ನೊಮ್ಮೆ ನೋಡಿ. ಮುಂದೆ ನಿಂತವರೆಲ್ಲ ಹುಡುಗಿಯರೇ ಯಾಕೆ? ಏಳನೇ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಚೆಂದವಾಗಿ ಹಾಡುತ್ತಿದ್ದ ಹುಡುಗ ಎಂಟು, ಒಂಬತ್ತಕ್ಕೆ ಬರುವಾಗ ಅವನ ಗಂಟಲು ಒಡೆಯುತ್ತದೆ. ಧ್ವನಿಪೆಟ್ಟಿಗೆ ದೊಡ್ಡದಾಗಿ, ಧ್ವನಿತಂತುಗಳು ಉದ್ದವಾಗಿ, ದಪ್ಪವಾಗಿ, ದನಿ ಸುಮಾರು ಒಂದು ಸಪ್ತಕದಷ್ಟು ಕೆಳಗಿಳಿಯುತ್ತದೆ. ಇಳಿಯುವಾಗ ನಡುವೆ ಕೀರಲಾಗುತ್ತದೆ. ಸಾಲಿನಲ್ಲಿದ್ದವರು ನಗುತ್ತಾರೆ. ಅವನು ಹಾಡುವುದನ್ನು ಬಿಡುತ್ತಾನೆ, ಹೆಚ್ಚಿನವರು ಜನ್ಮಪೂರ್ತಿ ಬಿಡುತ್ತಾರೆ. ಇದು ಬೆಳವಣಿಗೆ, ಕೆಲವು ತಿಂಗಳಲ್ಲಿ ನೆಲೆಗೊಳ್ಳುತ್ತದೆ, ಅಲ್ಲಿಯವರೆಗೆ ಒತ್ತಾಯ ಮಾಡಿ ಎತ್ತರಕ್ಕೆ ಕೂಗಬೇಡ, ಕೆಳಗಿನ ಶ್ರುತಿಯಲ್ಲಿ ಹಾಡು ಎಂದು ಹೇಳಬೇಕಾದದ್ದು ಆರೋಗ್ಯದ ಪಾಠ. ಶ್ರುತಿ ಇಳಿಸಿ ಅವನಿಗೆ ಜಾಗ ಮಾಡಿಕೊಡಬೇಕಾದದ್ದು ಹಾಡಿನ ತಂಡ. ಎರಡೂ ಒಬ್ಬ ಮಾಸ್ತರರ ಗಮನದಲ್ಲಿದ್ದರೆ ಆ ಹುಡುಗ ಉಳಿಯುತ್ತಾನೆ.

ಹುಡುಗಿಯರ ಕಷ್ಟ ಬೇರೆ. ನೃತ್ಯದ ತಾಲೀಮು ನಡೆಯುವಾಗ ತಿಂಗಳಿಗೆ ಮೂರು ದಿನ ಒಬ್ಬಳು ಮೂಲೆಯಲ್ಲಿ ಕೂರುತ್ತಾಳೆ, ಹೊಟ್ಟೆನೋವು ಅನ್ನುತ್ತಾಳೆ, ಇಲ್ಲವೆ ಶಾಲೆಗೇ ಬರುವುದಿಲ್ಲ. ಸರ್ಕಾರಿ ಶಾಲೆಯ ಹುಡುಗಿಯರಿಗೆ ನ್ಯಾಪ್‌ಕಿನ್ ಕೊಡುವ ಶುಚಿ ಯೋಜನೆ 2013-14ರಲ್ಲಿ ಶುರುವಾಗಿ, ನಡುವೆ ಕೆಲವು ವರ್ಷ ನಿಂತು, 2024ರಲ್ಲಿ ಮತ್ತೆ ಚಾಲೂ ಆಯಿತು. ನ್ಯಾಪ್‌ಕಿನ್ ಸಿಕ್ಕರೆ ಸಾಲದು. ನೀರಿರುವ ಶೌಚಾಲಯ ಬೇಕು, ಮುಟ್ಟಿನ ಬಗ್ಗೆ ಹುಡುಗರಿಗೂ ತಿಳಿದಿರಬೇಕು. ಆ ಪಾಠ ಬಂದಾಗ ಹುಡುಗರನ್ನು ಹೊರಗೆ ಕಳಿಸುವ ರೂಢಿ ಇನ್ನೂ ಹೋಗಿಲ್ಲ. ಹೋಗಬೇಕು.

ಆರೋಗ್ಯದ ಮಾತನ್ನು ಹಾಡಿನ ಜೊತೆ ಜನರ ನಡುವೆ ಒಯ್ದವರು ಈ ತಾಲೂಕಿನಲ್ಲೇ ಇದ್ದರು. ಬಡಗೇರಿಯ ಸುಕ್ರಿ ಬೊಮ್ಮಗೌಡ ಸಾವಿರಾರು ಹಾಲಕ್ಕಿ ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದವರು. ಕಾರವಾರ ಆಕಾಶವಾಣಿ ಅವರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡಿತು, 2017ರಲ್ಲಿ ಪದ್ಮಶ್ರೀ ಬಂತು. ಅಕ್ಷರ ಬಾರದ ಆ ಅಜ್ಜಿ ತಮ್ಮ ಊರಿನ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿಯ ವಿರುದ್ಧ ಹೋರಾಡಿದರು. ಕುಡಿತ ಅವರ ಮನೆಯನ್ನೂ ಬಿಟ್ಟಿರಲಿಲ್ಲ. ರಾಜ್ಯದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈಯಲ್ಲಿ. ಅದಕ್ಕೂ ಮೊದಲೇ ಬಡಗೇರಿಯ ಹೆಂಗಸರು ಬೀದಿಗೆ ಇಳಿದಿದ್ದರು. 2025ರ ಫೆಬ್ರವರಿ 13ರಂದು ಸುಕ್ರಜ್ಜಿ ತೀರಿಕೊಂಡರು. ಆದರೆ ಹಾಡು ಬಲ್ಲ ಅಜ್ಜಿಯರು ಕೊಪ್ಪಗಳಲ್ಲಿ ಇನ್ನೂ ಇದ್ದಾರೆ.

ಹಾಡಿಗೆ ಹೊಂದುವ ವಿಷಯಕ್ಕೂ ಇಲ್ಲಿ ಕೊರತೆಯಿಲ್ಲ. ಮಳೆಗಾಲದಲ್ಲಿ ಗಂಗಾವಳಿ ಉಕ್ಕುತ್ತದೆ. 2019ರ, 2021ರ ನೆರೆಯನ್ನು ಈಗ ಹೈಸ್ಕೂಲಿನಲ್ಲಿರುವ ಮಕ್ಕಳು ಕಣ್ಣಾರೆ ಕಂಡವರು. ನೆರೆ ಇಳಿದ ಮೇಲೆ ಕುಡಿಯುವ ನೀರು ಕುದಿಸಬೇಕು, ಗಾಯದ ಕಾಲಲ್ಲಿ ಕೆಸರಿಗಿಳಿದರೆ ಇಲಿಜ್ವರ ಬರಬಹುದು. ಹಾವು ಕಚ್ಚಿದರೆ ಕೊಯ್ಯಬಾರದು, ಬಿಗಿದು ಕಟ್ಟಬಾರದು, ಕಚ್ಚಿದ ಕೈಕಾಲು ಅಲುಗಾಡಿಸದೆ ನೇರ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ರಾಜ್ಯ ಸರ್ಕಾರ 2024ರಲ್ಲಿ ಆದೇಶಿಸಿದೆ. ಇದನ್ನೆಲ್ಲ ಭಿತ್ತಿಪತ್ರದಲ್ಲಿ ಓದಿದ ಮಗು ಮರೆಯಬಹುದು. ತಾನೇ ಪದ ಕಟ್ಟಿ, ಗುಮಟೆಯ ಪೆಟ್ಟಿಗೆ ಹೊಂದಿಸಿ, ಗೆಳತಿಯರ ಜೊತೆ ನಾಲ್ಕು ಸಲ ಹಾಡಿದ ಮಗು ಮರೆಯುವುದಿಲ್ಲ, ಮನೆಯಲ್ಲೂ ಹೇಳುತ್ತದೆ.

ಡಿಸೆಂಬರ್ ಬಂದರೆ ಸಾಕು, ಹತ್ತನೇ ತರಗತಿಯಲ್ಲಿ ಪಿ.ಟಿ. ಪೀರಿಯಡ್ಡನ್ನು ಗಣಿತಕ್ಕೆ, ಹಾಡಿನ ಹೊತ್ತನ್ನು ಇಂಗ್ಲಿಷಿಗೆ ಕೊಡುವುದು ಎಲ್ಲೆಡೆಯ ರೂಢಿ. ಫಲಿತಾಂಶದ ಒತ್ತಡ ಮುಖ್ಯೋಪಾಧ್ಯಾಯರ ಮೇಲಿದೆ, ನಿಜ. ಆದರೆ ಪರೀಕ್ಷೆಯ ಹೆದರಿಕೆ ಹೆಚ್ಚುವ ಆ ಮೂರು ತಿಂಗಳಲ್ಲೇ ಮಕ್ಕಳಿಗೆ ಹಾಡು, ಆಟ, ನಿದ್ದೆಯ ಬಗ್ಗೆ ಒಂದು ಮಾತು ಎಲ್ಲಕ್ಕಿಂತ ಹೆಚ್ಚು ಬೇಕು. ಅಗಸೂರಿನ ಕಡೆಯ ಹೈಸ್ಕೂಲುಗಳ ಎಸ್‌ಡಿಎಂಸಿ ಸದಸ್ಯರಲ್ಲಿ, ಪಾಲಕರಲ್ಲಿ ಕೇಳಿಕೊಳ್ಳುವುದು ಇಷ್ಟು: ಮುಂದಿನ ಸಭೆಯಲ್ಲಿ ಆ ಎರಡು ಪೀರಿಯಡ್ ವರ್ಷಪೂರ್ತಿ ಉಳಿಯಲಿ ಎಂದು ಬರೆಸಿ, ತಿಂಗಳಿಗೊಮ್ಮೆ ನಿಮ್ಮ ಕೊಪ್ಪದ ಹಾಡುವ ಅಜ್ಜಿಯನ್ನೂ ನರ್ಸ್ ಬಾಯಿಯನ್ನೂ ಒಂದೇ ದಿನ ಶಾಲೆಗೆ ಕರೆಸಿ.